ಬಿಲದ ಜೇಡ ಮತ್ತು ಬಂಡವಾಳದ ಲೆಕ್ಕ

ತೆರಿಗೆ, ಸುಂಕ, ಬ್ಯಾಂಕ್ ಸಾಲ, ಬಂದರಿನ ಸಾಗಾಟ ಮುಂತಾದ ವಿಷಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಜೇಡಕ್ಕೇನು ಕೆಲಸ ಎಂದು ಸದಸ್ಯ ಬಾಂಧವರು ಕೇಳಿದರೆ ಅದು ಸಹಜವೇ. ಆದರೆ ಯಾವ ವಸ್ತುವಿಗೆ ಕೊಳ್ಳುವವರೂ ಮಾರುವವರೂ ಬೆಲೆಯೂ ಇವೆಯೋ ಅದು ವಾಣಿಜ್ಯದ ವಿಷಯವೇ ಆಗುತ್ತದೆ. ಟರಾಂಟುಲಾ ಎಂದು ಜಗತ್ತು ಕರೆಯುವ, ದೊಡ್ಡ ಗಾತ್ರದ, ಮೈತುಂಬ ರೋಮವಿರುವ ಜೇಡಗಳು ಇಂದು ಅಂಥ ಒಂದು ಸರಕಾಗಿವೆ. ನಾಯಿ, ಬೆಕ್ಕು, ಬಣ್ಣದ ಮೀನುಗಳ ಸಾಲಿನಲ್ಲಿ ಇವನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಯುರೋಪ್ ಹಾಗೂ ಅಮೆರಿಕಗಳಲ್ಲಿ ದಶಕಗಳಿಂದ ಬೇರೂರಿದೆ. ನಮ್ಮ ದೇಶಕ್ಕೂ ಕಾಲಿಟ್ಟಿದೆ. ಲೆಕ್ಕಶಾಸ್ತ್ರದ ಅತಿ ಮೂಲಭೂತವಾದ ಒಂದು ತತ್ತ್ವವನ್ನು ಕಡೆಗಣಿಸಿ ಈ ವ್ಯಾಪಾರದ ದೊಡ್ಡ ಭಾಗ ನಡೆಯುತ್ತಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಓದುಗರ ವಿಚಾರಕ್ಕೆ ಒಪ್ಪಿಸುವುದೇ ಈ ಲೇಖನದ ಉದ್ದೇಶ.

ಕೆನರಾದ ಹೆಸರಿನೊಡನೆ ಬಂದ ಜೇಡ

ಇದು ಪರದೇಶದ ಸಂಗತಿಯೆಂದು ತಿಳಿಯಬೇಕಾಗಿಲ್ಲ. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಆರ್. ಐ. ಪೊಕಾಕ್ ಅವರು ಭಾರತದ ದೊಡ್ಡ ಜೇಡಗಳನ್ನು ವರ್ಗೀಕರಿಸಿದಾಗ ಥ್ರಿಗ್ಮೋಪಿಯಸ್ ಎಂಬ ಹೊಸ ಕುಲವೊಂದನ್ನು ಹೆಸರಿಸಿದರು. ಅದರ ಎರಡು ಜಾತಿಗಳಲ್ಲಿ ಒಂದಾದ ಟ್ರುಕುಲೆಂಟಸ್‌ನ ಮೂಲ ಮಾದರಿ ದೊರೆತದ್ದು ಕಾರವಾರದಲ್ಲಿ. ಇನ್ನೊಂದಾದ ಇನ್‌ಸಿಗ್ನಿಸ್‌ನ ಮೂಲಸ್ಥಾನವೂ ಕೆನರಾ ಎಂದೇ ದಾಖಲಾಗಿದೆ. ಟ್ರುಕುಲೆಂಟಸ್ ಎಂಬ ಲ್ಯಾಟಿನ್ ಪದಕ್ಕೆ ಉಗ್ರ ಸ್ವಭಾವದ್ದು ಎಂದರ್ಥ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಭಾಗದಲ್ಲಿಯೂ ಈ ಕುಲ ಇಲ್ಲ. ಅದೇ ವರ್ಷ ಪೊಕಾಕ್ ಅವರು ಹೆಸರಿಸಿದ ಕೈಲೋಬ್ರಾಕಿಸ್ ಫಿಂಬ್ರಿಯೇಟಸ್ ಎಂಬ ಮತ್ತೊಂದು ಬಿಲವಾಸಿ ಜೇಡವೂ ಪಶ್ಚಿಮ ಘಟ್ಟದ ಜೀವಿಯೇ. ಇಂದು ಅದು ವಿದೇಶದ ಹವ್ಯಾಸಿಗಳ ಮನೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಭಾರತೀಯ ಜೇಡಗಳಲ್ಲಿ ಒಂದಾಗಿದೆ.

ಈ ಜೇಡಗಳು ಬಲೆ ನೇಯ್ದು ನೊಣ ಹಿಡಿಯುವ ಮನೆಯ ಮೂಲೆಯ ಜೇಡದಂಥವಲ್ಲ. ಕೆಂಪು ಮಣ್ಣಿನ ಧರೆಗಳಲ್ಲಿ, ರಸ್ತೆ ಬದಿಯ ದಿಬ್ಬಗಳಲ್ಲಿ, ಮರದ ಬೇರುಗಳ ಸಂದಿಯಲ್ಲಿ ಬಿಲ ತೋಡಿ, ಅದರ ಒಳಗೋಡೆಗೆ ರೇಷ್ಮೆಯಂಥ ನೂಲಿನ ಅಸ್ತರಿ ಹಾಕಿ, ಬಾಯಿಯ ಸುತ್ತ ನೂಲನ್ನು ಹಾಸಿ ವಾಸಿಸುತ್ತವೆ. ಹಗಲೆಲ್ಲ ಒಳಗೆ, ಕತ್ತಲಾದ ಮೇಲೆ ಬಿಲದ ಬಾಯಿಗೆ ಬಂದು ಕಾದು ಕುಳಿತು, ಹತ್ತಿರ ಸುಳಿದ ಜಿರಳೆ, ಮಿಡತೆ, ಜೀರುಂಡೆಗಳನ್ನು ಹಿಡಿದು ತಿನ್ನುತ್ತವೆ. ಹೆಣ್ಣು ಜೇಡ ಬಹುಮಟ್ಟಿಗೆ ತನ್ನ ಆಯುಷ್ಯವನ್ನೆಲ್ಲ ಇಂಥ ಬಿಲದಲ್ಲಿಯೇ ಕಳೆಯುತ್ತದೆ. ಪ್ರಾಯಕ್ಕೆ ಬರಲು ಅದಕ್ಕೆ ಹಲವು ವರ್ಷ ಬೇಕು. ಬಂದ ಮೇಲೆ ಹತ್ತು ಹದಿನೈದು ವರ್ಷ, ಕೆಲವು ಜಾತಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕುತ್ತದೆ. ಗಂಡಿನ ಕತೆ ಬೇರೆ. ಪ್ರಾಯಕ್ಕೆ ಬಂದೊಡನೆ ಬಿಲ ಬಿಟ್ಟು ಹೆಣ್ಣನ್ನರಸಿ ಹೊರಟ ಗಂಡು ಹೆಚ್ಚು ಕಾಲ ಉಳಿಯುವುದಿಲ್ಲ. ಘಟ್ಟದ ತಪ್ಪಲಿನಲ್ಲಿ ಮಳೆಗಾಲದ ರಾತ್ರಿ ರಸ್ತೆ ದಾಟುವ ದೊಡ್ಡ ಜೇಡ ಕಂಡರೆ ಅದು ಹೆಚ್ಚಾಗಿ ಇಂಥ ಅಲೆಮಾರಿ ಗಂಡು.

ಇವುಗಳ ದೂರದ ಬಂಧುವೊಂದರ ಆಯುಷ್ಯವನ್ನು ವಿಜ್ಞಾನಿಗಳು ಲೆಕ್ಕವಿಟ್ಟಿದ್ದಾರೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಿಲಕ್ಕೆ ಮುಚ್ಚಳದಂಥ ಬಾಗಿಲು ಮಾಡಿಕೊಳ್ಳುವ ಜೇಡಗಳನ್ನು ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿ 1974ರಿಂದ ಸಂಖ್ಯೆ ಕೊಟ್ಟು ಗಮನಿಸುತ್ತ ಬಂದರು. ಅವುಗಳಲ್ಲಿ 16ನೆಯ ಸಂಖ್ಯೆಯ ಹೆಣ್ಣು ಒಂದೇ ಬಿಲದಲ್ಲಿ 43 ವರ್ಷ ಬಾಳಿ 2016ರಲ್ಲಿ ಸತ್ತಿತು, ಅದೂ ಮುಪ್ಪಿನಿಂದಲ್ಲ, ಕಣಜದ ದಾಳಿಯಿಂದ. ನಮ್ಮಲ್ಲಿ ಎಷ್ಟೋ ಪಾಲುದಾರಿಕೆ ಸಂಸ್ಥೆಗಳು ಅಷ್ಟು ಕಾಲ ಬಾಳುವುದಿಲ್ಲ.

ಮರ ಯಾವುದು, ಹಣ್ಣು ಯಾವುದು

ಈಗ ಲೆಕ್ಕದ ಮಾತಿಗೆ ಬರೋಣ. ಆದಾಯ ತೆರಿಗೆಯ ಪಾಠದ ಮೊದಲ ದಿನಗಳಲ್ಲಿಯೇ ವಿದ್ಯಾರ್ಥಿಗಳಿಗೆ ಹೇಳಿಕೊಡುವ ದೃಷ್ಟಾಂತವೊಂದಿದೆ: ಮರ ಬಂಡವಾಳ, ಹಣ್ಣು ಆದಾಯ. ಹಣ್ಣನ್ನು ಮಾರಿದವನಿಗೆ ಮುಂದಿನ ವರ್ಷವೂ ಹಣ್ಣು ಸಿಗುತ್ತದೆ. ಮರವನ್ನೇ ಕಡಿದು ಮಾರಿದವನು ಆ ವರ್ಷ ಹೆಚ್ಚು ಹಣ ಕಂಡರೂ ಅದನ್ನು ಲಾಭವೆಂದು ಬರೆದುಕೊಂಡರೆ ಅವನ ಲೆಕ್ಕಪತ್ರ ಸುಳ್ಳು ಹೇಳುತ್ತದೆ.

ಬಿಲದ ಜೇಡದ ವಿಷಯದಲ್ಲಿ ಮರ ಯಾವುದು, ಹಣ್ಣು ಯಾವುದು? ಒಂದು ಹೆಣ್ಣು ಒಮ್ಮೆಗೆ ಹತ್ತಾರು, ಕೆಲವೊಮ್ಮೆ ನೂರಾರು ಮರಿಗಳನ್ನು ಹಾಕುತ್ತದೆ. ಇಷ್ಟೊಂದು ಮರಿಗಳಿರುವಾಗ ಒಂದೆರಡನ್ನು ಹಿಡಿದರೆ ನಷ್ಟವೇನು ಎಂದು ಯಾರಿಗಾದರೂ ತೋಚಬಹುದು. ಆದರೆ ಆ ಮರಿಗಳಲ್ಲಿ ಬಹುಪಾಲು ಇರುವೆ, ಹಲ್ಲಿ, ಕಪ್ಪೆ, ಹಕ್ಕಿ, ಬಿಸಿಲು, ಮಳೆನೀರುಗಳಿಗೆ ಬಲಿಯಾಗುತ್ತವೆ. ಪ್ರಾಯಕ್ಕೆ ಬರುವವು ಬೆರಳೆಣಿಕೆಯಷ್ಟು. ಹೀಗೆ ಉಳಿದು ಬೆಳೆದ ಒಂದು ಹೆಣ್ಣು ಕಾರ್ಖಾನೆಯ ಯಂತ್ರವಿದ್ದಂತೆ. ವರ್ಷಗಟ್ಟಲೆ ಮರಿಗಳನ್ನು ಕೊಡುವ ಸ್ಥಿರಾಸ್ತಿ ಅದು. ಮಾರುಕಟ್ಟೆಗಾಗಿ ಕಾಡಿನಿಂದ ಹಿಡಿಯುವವರು ಹುಡುಕುವುದೂ ಇದನ್ನೇ. ಕಾರಣ, ಗಾತ್ರದಲ್ಲಿ ದೊಡ್ಡದು, ಬೆಲೆ ಹೆಚ್ಚು, ಮೇಲಾಗಿ ಎಲ್ಲಿಗೂ ಓಡದೆ ವರ್ಷವಿಡೀ ಒಂದೇ ವಿಳಾಸದಲ್ಲಿ ಸಿಗುತ್ತದೆ. ಗುದ್ದಲಿಯಿಂದ ಅಗೆದೋ ನೀರು ಹೊಯ್ದೋ ಅದನ್ನು ಹೊರತೆಗೆದ ಮೇಲೆ ಬಿಲವೂ ಉಳಿಯುವುದಿಲ್ಲ.

ಹಿಡಿದು ಮಾರುವವನ ಲಾಭ-ನಷ್ಟದ ತಖ್ತೆಯನ್ನು ಊಹಿಸಿಕೊಳ್ಳಿ. ಖರ್ಚಿನ ಬದಿಯಲ್ಲಿ ಬೈಕಿನ ಪೆಟ್ರೋಲ್, ಪ್ಲಾಸ್ಟಿಕ್ ಡಬ್ಬಿ, ಪಾರ್ಸೆಲ್ ವೆಚ್ಚ. ಸರಕಿನ ಖರೀದಿ ಬೆಲೆ ಎಂಬಲ್ಲಿ ಸೊನ್ನೆ. ಆದಾಯದ ಬದಿಯಲ್ಲಿ ಮಾರಾಟದ ಪೂರ್ತಿ ಹಣ. ಇಷ್ಟು ಲಾಭದಾಯಕವಾದ ಕಸುಬು ಬೇರೊಂದಿಲ್ಲ ಎನಿಸುತ್ತದೆ. ಆದರೆ ಆ ಸೊನ್ನೆಯೇ ಇಡೀ ಲೆಕ್ಕದ ದೋಷ. ಹತ್ತು ವರ್ಷ ಮಣ್ಣಿನೊಳಗೆ ಬೆಳೆದ ಆಸ್ತಿಯೊಂದು ಯಾರ ಪುಸ್ತಕದಲ್ಲಿಯೂ ಇಲ್ಲದ ಕಾರಣ, ಅದು ಹೋದದ್ದೂ ಯಾರ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ.

ಇಂಥ ಲೆಕ್ಕದ ಪರಿಣಾಮವನ್ನು ನಮ್ಮ ದೇಶ ಒಮ್ಮೆ ಅನುಭವಿಸಿದೆ. ಹಿರಿಯ ಸದಸ್ಯರಿಗೆ ಕಪ್ಪೆಕಾಲಿನ ರಫ್ತು ನೆನಪಿರಬಹುದು. 1980ರ ದಶಕದ ಆರಂಭದಲ್ಲಿ ಭಾರತ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಕಾಲುಗಳನ್ನು ವಿದೇಶಗಳಿಗೆ ಕಳುಹಿಸುತ್ತಿತ್ತು. ಒಂದು ಕಪ್ಪೆಯನ್ನೂ ಸಾಕಿ ಬೆಳೆಸಿದ್ದಲ್ಲ, ಎಲ್ಲವೂ ಗದ್ದೆ ಕೆರೆಗಳಿಂದ ಹಿಡಿದದ್ದು. ಕಪ್ಪೆಗಳು ಕಡಿಮೆಯಾದಂತೆ ಅವು ತಿನ್ನುತ್ತಿದ್ದ ಕೀಟಗಳ ಬಾಧೆ ಮತ್ತು ಕೀಟನಾಶಕದ ವೆಚ್ಚದ ಪ್ರಶ್ನೆ ಎದ್ದಿತು. 1987ರಲ್ಲಿ ಕೇಂದ್ರ ಸರ್ಕಾರ ರಫ್ತನ್ನೇ ನಿಷೇಧಿಸಿತು. ವಿದೇಶಿ ವಿನಿಮಯದ ಗಳಿಕೆ ಕಣ್ಣಿಗೆ ಕಂಡಿತ್ತು, ರೈತನ ನಷ್ಟ ಬೇರೆ ಪುಸ್ತಕದಲ್ಲಿತ್ತು.

ಪೇಟೆಯಲ್ಲಿ ನಡೆದಿರುವುದೇನು

ಜೇಡ, ಚೇಳುಗಳ ಜಾಗತಿಕ ವ್ಯಾಪಾರವನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 1,200ಕ್ಕೂ ಮಿಕ್ಕಿದ ಜಾತಿಗಳು ಮಾರಾಟದಲ್ಲಿರುವುದನ್ನು ಗುರುತಿಸಿತು. ವಿಜ್ಞಾನಕ್ಕೆ ತಿಳಿದಿರುವ ಟರಾಂಟುಲಾ ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಈ ಪಟ್ಟಿಯಲ್ಲಿದ್ದವು. ಕೆಲವೊಮ್ಮೆ ವಿಜ್ಞಾನಕ್ಕಿಂತ ವ್ಯಾಪಾರವೇ ಮುಂದಿರುತ್ತದೆ. ಥಾಯ್ಲೆಂಡಿನ ವಿದ್ಯುತ್ ನೀಲಿ ಬಣ್ಣದ ಜೇಡವೊಂದಕ್ಕೆ, ಅದೂ ನಮ್ಮ ಕೈಲೋಬ್ರಾಕಿಸ್ ಕುಲದ್ದೇ, ವಿಜ್ಞಾನಿಗಳು 2023ರಲ್ಲಿ ಹೆಸರಿಡುವ ಮೊದಲೇ ಅದು ಪೇಟೆಯಲ್ಲಿ ಮಾರಾಟಕ್ಕಿತ್ತು.

ನಮ್ಮ ನೆರೆಯ ಆಂಧ್ರಪ್ರದೇಶದ ಉದಾಹರಣೆ ಇನ್ನೂ ಬೋಧಪ್ರದ. ಇದು ಬಿಲದ ಜೇಡವಲ್ಲ, ಮರದ ಪೊಟರೆಗಳಲ್ಲಿ ವಾಸಿಸುವ ಪೀಸಿಲೋಥೀರಿಯಾ ಕುಲದ್ದು. ಗುತ್ತಿಯಲ್ಲಿ ದೊರೆತ ಹೊಳೆಯುವ ನೀಲಿ ಜೇಡವೊಂದಕ್ಕೆ ಪೊಕಾಕ್ ಅವರು 1899ರಲ್ಲಿ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದು ಕಾಣಿಸಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡಿನಲ್ಲಿ ಮತ್ತೆ ಪತ್ತೆಯಾಯಿತು. ಅದರ ನೆಲೆ 100 ಚದರ ಕಿಲೋಮೀಟರಿಗಿಂತಲೂ ಕಡಿಮೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ತೀವ್ರ ಅಪಾಯದಂಚಿನ ಜೀವಿ. ಆದರೂ ಇಂದು ಯುರೋಪ್, ಅಮೆರಿಕದ ಹವ್ಯಾಸಿಗಳಲ್ಲಿ ಅದು ಹೇರಳ. ಅಲ್ಲಿ ಮರಿ ಮಾಡಿಸಿ ಮಾರುತ್ತಾರೆ. ಅದನ್ನು ಪೋಷಿಸಿದ ಕಾಡಿಗಾಗಲಿ, ಆ ಕಾಡಿನ ಅಂಚಿನ ಹಳ್ಳಿಗಾಗಲಿ ಈ ವಹಿವಾಟಿನಿಂದ ಬಂದ ಪಾಲು ಏನೂ ಇಲ್ಲ.

ಸರಕು ಹೊರದೇಶದಿಂದ ಒಳಬರುವುದೂ ಉಂಟು. 2021ರ ಜುಲೈಯಲ್ಲಿ ಚೆನ್ನೈಯ ಸುಂಕ ಅಧಿಕಾರಿಗಳು ಪೋಲೆಂಡಿನಿಂದ ಬಂದ ಪಾರ್ಸೆಲೊಂದನ್ನು ತೆರೆದಾಗ ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಸಣ್ಣ ಪ್ಲಾಸ್ಟಿಕ್ ಸೀಸೆಗಳಲ್ಲಿ, ಬೆಳ್ಳಿಬಣ್ಣದ ಹಾಳೆ ಮತ್ತು ಹತ್ತಿಯಲ್ಲಿ ಸುತ್ತಿಟ್ಟ 107 ಜೀವಂತ ಜೇಡಗಳಿದ್ದವು. ಆಮದು ಪರವಾನಿಗೆ ಇರಲಿಲ್ಲ, ಆರೋಗ್ಯ ಪ್ರಮಾಣಪತ್ರವೂ ಇರಲಿಲ್ಲ. ಪಾರ್ಸೆಲನ್ನು ಬಂದಲ್ಲಿಗೇ ಹಿಂದಿರುಗಿಸಲು ಕ್ರಮ ಕೈಗೊಳ್ಳಲಾಯಿತು.

ಕಾನೂನು ಎಲ್ಲಿಗೆ ಬಂದಿದೆ

ಜೀವಂತ ಪ್ರಾಣಿಗಳ ಮಾರಾಟಕ್ಕೆ ಬಹುಪಾಲು ಸರಕು ಮತ್ತು ಸೇವಾ ತೆರಿಗೆ ಇಲ್ಲ. ತೆರಿಗೆ ಇಲ್ಲವೆಂದ ಮಾತ್ರಕ್ಕೆ ಲೆಕ್ಕವೂ ಇಲ್ಲವೆಂದು ಭಾವಿಸುವವರು ಈ ಕೆಳಗಿನ ಬದಲಾವಣೆಗಳನ್ನು ಗಮನಿಸಬೇಕಾಗಿದೆ.

ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದಕ್ಕೆ ಭಾರತ 1976ರಿಂದ ಸದಸ್ಯ ರಾಷ್ಟ್ರ. 2019ರಲ್ಲಿ ಪೀಸಿಲೋಥೀರಿಯಾ ಕುಲವನ್ನು ಈ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ವಿದೇಶಿ ಪ್ರಾಣಿಗಳನ್ನು ಸಾಕಿರುವವರಿಗೆ ಸ್ವಯಂ ಘೋಷಣೆಯ ಅವಕಾಶ ಕೊಟ್ಟಿತು. 1997ರ ಸ್ವಯಂ ಆದಾಯ ಘೋಷಣೆ ಯೋಜನೆಯನ್ನು ಕಂಡ ನಮ್ಮ ಪೀಳಿಗೆಗೆ ಇದರ ಧಾಟಿ ಪರಿಚಿತವೇ: ಅವಧಿಯೊಳಗೆ ಹೇಳಿಕೊಂಡವರಿಗೆ ಮೂಲದ ಪ್ರಶ್ನೆಯಿಲ್ಲ, ಅವಧಿ ಮುಗಿದ ಮೇಲೆ ವಿನಾಯಿತಿ ಇಲ್ಲ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ಕ್ಕೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಸೈಟೀಸ್ ಪಟ್ಟಿಯ ಜೀವಿಗಳು ಅಧಿನಿಯಮದ ನಾಲ್ಕನೆಯ ಅನುಸೂಚಿಯಲ್ಲಿ ಸೇರಿದವು. 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಇಂಥ ಜೀವಂತ ಪ್ರಾಣಿಯನ್ನು ಹೊಂದಿರುವವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಒಪ್ಪಂದದ ಮೊದಲನೆಯ ಅನುಬಂಧದ ಜೀವಿಗಳಿಂದ ಮರಿ ಮಾಡಿಸುವವರಿಗೆ ಪರವಾನಿಗೆ ಕಡ್ಡಾಯ. ಅಧಿನಿಯಮದ ಸಾಮಾನ್ಯ ಉಲ್ಲಂಘನೆಗಳಿಗೆ ಗರಿಷ್ಠ ದಂಡ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದೆ.

ಇಷ್ಟಿದ್ದೂ ಒಂದು ದೊಡ್ಡ ಬಿರುಕು ಉಳಿದಿದೆ. 2019ರ ನಿರ್ಣಯದಲ್ಲಿ ಸೇರಿದ್ದು ಮರವಾಸಿ ಕುಲ. ಥ್ರಿಗ್ಮೋಪಿಯಸ್ ಆಗಲಿ, ಕೈಲೋಬ್ರಾಕಿಸ್ ಆಗಲಿ ಅದರ ವ್ಯಾಪ್ತಿಗೆ ಬರಲಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಪರವಾನಿಗೆಯಿಲ್ಲದೆ ಯಾವುದೇ ವನ್ಯಜೀವಿಯನ್ನು ತೆಗೆಯುವುದು ಅಪರಾಧವೇ. ಆದರೆ ಬಿಲದ ಜೇಡ ಅಭಯಾರಣ್ಯದ ಗಡಿ ನೋಡಿ ಬಿಲ ತೋಡುವುದಿಲ್ಲ. ಅದರ ನೆಲೆ ರಸ್ತೆಯ ಧರೆ, ತೋಟದ ಅಗಳು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಹಕ್ಕಿಗಳನ್ನು ಹೆಸರಿಸುತ್ತವೆ, ಜೇಡವನ್ನಲ್ಲ. ಕಾನೂನಿನ ಕಣ್ಣು ಪರದೇಶದ ಜೇಡದ ಮೇಲೆ ಬಿದ್ದಷ್ಟು ಸ್ಪಷ್ಟವಾಗಿ ನಮ್ಮ ಧರೆಯ ಜೇಡದ ಮೇಲೆ ಬಿದ್ದಿಲ್ಲ. ಕಾನೂನು ತಡವಾಗುವಲ್ಲಿ ವ್ಯಾಪಾರದ ಶಿಸ್ತು ಮೊದಲು ಬರಬೇಕು ಎಂಬುದು ನನ್ನ ವಾದ.

ಆಕ್ಷೇಪಗಳಿಗೆ ಉತ್ತರ

ಸಾಕಿದ ಜೇಡದಿಂದ ಮರಿ ಪಡೆದು ಮಾರಿದರೆ ತಪ್ಪೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಅದು ಹಣ್ಣನ್ನು ಮಾರಿದಂತೆ, ಮರವನ್ನಲ್ಲ. ಕಾನೂನುಬದ್ಧವಾಗಿ, ನೋಂದಣಿಯೊಡನೆ ಅದನ್ನು ಮಾಡುವವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಗಿರಾಕಿಗೆ ಎರಡರ ವ್ಯತ್ಯಾಸ ತಿಳಿಯುವ ಬಗೆ ಯಾವುದು? ಡಬ್ಬಿಯೊಳಗಿನ ಜೇಡದ ಮೈಮೇಲೆ ಅದರ ಮೂಲ ಬರೆದಿರುವುದಿಲ್ಲ. ಖರೀದಿ ಬಿಲ್ಲು, ಸಾಕಣೆದಾರನ ವಿವರ, ಮರಿಯಾದ ದಿನ ಇವು ಇಲ್ಲದ ಸರಕನ್ನು ಸಾಕಿ ಬೆಳೆಸಿದ್ದು ಎನ್ನುವುದು ಬಾಯಿಮಾತು ಮಾತ್ರ. ಬಾಯಿಮಾತಿನ ಮೇಲೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ.

ಕೊಳ್ಳುವವರ ದೃಷ್ಟಿಯಿಂದಲೂ ಒಂದು ಮಾತು ಹೇಳಬೇಕು. ಬಿಲವಾಸಿ ಜೇಡವನ್ನು ಸರಿಯಾಗಿ ಸಾಕಬೇಕಾದರೆ ಪೆಟ್ಟಿಗೆಯಲ್ಲಿ ಆಳವಾಗಿ ಮಣ್ಣು ತುಂಬಿ, ತೇವ ಕಾಯ್ದು, ಅದರ ಪಾಡಿಗೆ ಬಿಡಬೇಕು. ಹಾಗೆ ಬಿಟ್ಟರೆ ಅದು ಬಿಲದೊಳಗೆ ಮರೆಯಾಗುತ್ತದೆ. ಹಣ ಕೊಟ್ಟವನು ನೋಡುವುದು ಮಣ್ಣನ್ನು. ಸದಾ ಕಣ್ಣಿಗೆ ಕಾಣಲೆಂದು ಮಣ್ಣು ಕಡಿಮೆ ಹಾಕಿದರೆ ಅಡಗಲು ತಾವಿಲ್ಲದೆ ಜೇಡ ಕಂಗೆಟ್ಟು ಗಾಜನ್ನೇರುತ್ತದೆ. ಅಲ್ಲಿಂದ ಬಿದ್ದರೆ ಅದರ ಮೆತ್ತನೆಯ ಹೊಟ್ಟೆ ಒಡೆದು ಸಾಯುವುದುಂಟು. ಅಮೆರಿಕ ಖಂಡದ ಹಲವು ಟರಾಂಟುಲಾಗಳು ಹೆದರಿದಾಗ ತುರಿಕೆಯ ರೋಮಗಳನ್ನು ಎರಚುತ್ತವೆ. ನಮ್ಮವಕ್ಕೆ ಆ ಆಯುಧವಿಲ್ಲ, ಆದ್ದರಿಂದ ನೇರವಾಗಿ ಕಚ್ಚುತ್ತವೆ. ಪ್ರಾಣಾಪಾಯವೆನ್ನುವಂತಿಲ್ಲವಾದರೂ ನೋವು, ಊತ, ಸ್ನಾಯುಸೆಳೆತ ತಪ್ಪಿದ್ದಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುವ ಉಡುಗೊರೆಯಂತೂ ಇದಲ್ಲ.

ಮತ್ತೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಗುಡ್ಡಕ್ಕೆ ಗುಡ್ಡವೇ ಕರಗುತ್ತಿರುವಾಗ ನಾಲ್ಕು ಜೇಡ ಹಿಡಿದವನನ್ನು ದೂರುವುದು ಯಾವ ನ್ಯಾಯ? ಇದನ್ನು ನಾನು ಒಪ್ಪುತ್ತೇನೆ. ಹಿಡಿಯುವವನ ಕೈಗಿಂತ ಜೆಸಿಬಿಯ ಕೈ ದೊಡ್ಡದು. ರಸ್ತೆ ಅಗಲೀಕರಣ, ನಿವೇಶನ, ಮುರಕಲ್ಲಿನ ಕೋರೆ ಇವುಗಳಿಗಾಗಿ ಧರೆಯನ್ನು ಕಡಿದಾಗ ಅದರೊಳಗಿನ ಬಿಲಗಳೆಲ್ಲ ಒಂದೇ ಹಗಲಿನಲ್ಲಿ ಹೋಗುತ್ತವೆ. ನಮ್ಮ ಸದಸ್ಯರಲ್ಲಿ ಗುತ್ತಿಗೆದಾರರೂ ಕಟ್ಟಡ ಸಾಮಗ್ರಿ ವ್ಯಾಪಾರಿಗಳೂ ಇರುವುದರಿಂದ ಈ ಮಾತನ್ನು ಬೇರೆಯವರ ಮೇಲೆ ಹೊರಿಸಿ ಸುಮ್ಮನಾಗುವಂತಿಲ್ಲ. ಆದರೆ ದೊಡ್ಡ ಸೋರಿಕೆ ಇದೆಯೆಂದು ಸಣ್ಣ ಸೋರಿಕೆಯನ್ನು ಬಿಡುವುದು ಲೆಕ್ಕದವರ ಪದ್ಧತಿಯಲ್ಲ. ನೆಲೆ ಕುಗ್ಗಿದಷ್ಟೂ ಉಳಿದ ಒಂದೊಂದು ಹೆಣ್ಣಿನ ಬೆಲೆ ಹೆಚ್ಚುತ್ತದೆ. ಆಗ ಹಿಡಿಯುವವನು ಮಾಡುವ ನಷ್ಟವೂ ಹೆಚ್ಚುತ್ತದೆ.

ನಮ್ಮಿಂದ ಆಗಬೇಕಾದುದು

ವ್ಯಾಪಾರಿಗಳು ಸಂಯಮವನ್ನು ಪಾಲಿಸಲಾರರು ಎಂಬ ಮಾತನ್ನು ಮಂಗಳೂರು ಒಪ್ಪಬೇಕಾಗಿಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ದಕ್ಕೆಯಲ್ಲಿ ಯಾಂತ್ರೀಕೃತ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಮಂಜುಗಡ್ಡೆಯ ಕಾರ್ಖಾನೆಯಿಂದ ಹಿಡಿದು ಲಾರಿ ಮಾಲೀಕರವರೆಗೆ ಎಲ್ಲರ ವಹಿವಾಟೂ ತಗ್ಗುತ್ತದೆ. ಆದರೂ ಮೀನು ಮರಿಯಿಡುವ ಕಾಲಕ್ಕೆ ಕಾಯದಿದ್ದರೆ ಮುಂದಿನ ವರ್ಷ ಬಲೆ ಬರಿದಾಗುವುದೆಂಬ ಸತ್ಯ ನಮಗೆ ಗೊತ್ತಿದೆ. ಅದೇ ವಿವೇಕವನ್ನು ಬಿಲದ ಜೇಡಕ್ಕೂ ವಿಸ್ತರಿಸಬೇಕೆಂದಷ್ಟೇ ನನ್ನ ವಿನಂತಿ. ಈ ದಿಸೆಯಲ್ಲಿ ನಾಲ್ಕು ಸಲಹೆಗಳನ್ನು ಮುಂದಿಡಬಯಸುತ್ತೇನೆ.

ಮೊದಲನೆಯದು, ಸಾಕುಪ್ರಾಣಿ ಮತ್ತು ಅಕ್ವೇರಿಯಂ ಅಂಗಡಿಗಳನ್ನು ನಡೆಸುವ ಸದಸ್ಯರು ಮೂಲದ ದಾಖಲೆ ಇಲ್ಲದ ಜೇಡ, ಚೇಳುಗಳನ್ನು ಕೊಳ್ಳುವುದೂ ಬೇಡ, ತರಿಸಿಕೊಡುವುದೂ ಬೇಡ. ದಾಖಲೆಯುಳ್ಳದ್ದಕ್ಕೂ ಪ್ರತ್ಯೇಕ ದಾಸ್ತಾನು ಪುಸ್ತಕವಿರಲಿ. ಬಂದದ್ದು, ಹೋದದ್ದು, ಸತ್ತದ್ದು ಅದರಲ್ಲಿ ದಾಖಲಾಗಲಿ. ಎರಡನೆಯದು, ಪಾರ್ಸೆಲ್ ಏಜೆನ್ಸಿಗಳನ್ನು ನಡೆಸುವವರು ಆಟಿಕೆ, ಅಲಂಕಾರ ವಸ್ತು ಎಂಬ ಘೋಷಣೆಯೊಡನೆ ಬರುವ, ಗಾಳಿಗೆಂದು ತೂತು ಕೊರೆದ ಪೊಟ್ಟಣಗಳ ವಿಷಯದಲ್ಲಿ ತಮ್ಮ ನೌಕರರಿಗೆ ತಿಳಿವಳಿಕೆ ಕೊಡಲಿ. ಮೂರನೆಯದು, ಗುತ್ತಿಗೆದಾರರು ಅನಿವಾರ್ಯವಲ್ಲದ ಕಡೆ ಹಳೆಯ ಧರೆಗಳನ್ನು ನೆಟ್ಟಗೆ ಕಡಿಯದೆ, ಸಿಮೆಂಟಿನಿಂದ ಮುಚ್ಚದೆ, ಸಾಧ್ಯವಿದ್ದಲ್ಲಿ ಇಳಿಜಾರು ಉಳಿಸಿ ಲಾವಂಚದಂಥ ಬೇರು ಬಿಡುವ ಹುಲ್ಲು ಬೆಳೆಸಲಿ. ಇದು ಜೇಡಕ್ಕಾಗಿ ಮಾತ್ರವಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾದಾಗ, ಹೆದ್ದಾರಿಗಾಗಿ ಗುಡ್ಡ ಕಡಿದ ರೀತಿಯ ಬಗ್ಗೆಯೂ ಪ್ರಶ್ನೆಗಳೆದ್ದುದನ್ನು ನಾವು ಮರೆತಿಲ್ಲ. ಜೇಡದ ಬಿಲ ಉಳಿಯುವ ಧರೆ ಮನುಷ್ಯನ ಮನೆಗೂ ಕ್ಷೇಮಕರ.

ನಾಲ್ಕನೆಯದು ನಮ್ಮ ಮಂಡಳಿಗೆ ಸಂಬಂಧಿಸಿದ್ದು. ಪಶ್ಚಿಮ ಘಟ್ಟದ ಬಿಲವಾಸಿ ಜೇಡಗಳನ್ನೂ ಅನುಸೂಚಿಗೆ ಸೇರಿಸುವ ವಿಚಾರವನ್ನು ಪರಿಶೀಲಿಸುವಂತೆ ಕೇಂದ್ರ ಮಂತ್ರಾಲಯಕ್ಕೂ, ಅವುಗಳ ವಾಣಿಜ್ಯ ಬಳಕೆಯ ಮೇಲೆ ನಿಗಾ ವಹಿಸುವಂತೆ ಕರ್ನಾಟಕ ಜೀವವೈವಿಧ್ಯ ಮಂಡಳಿಗೂ ನಾವೇ ಮನವಿ ಸಲ್ಲಿಸಬಹುದು. ನಿಯಮಗಳನ್ನು ಸಡಿಲಿಸಿ ಎಂದು ಮಾತ್ರ ಸರ್ಕಾರದ ಬಾಗಿಲಿಗೆ ಹೋಗುವ ಸಂಸ್ಥೆ ಎಂಬ ಅಪವಾದವಾದರೂ ಇದರಿಂದ ತಪ್ಪೀತು.

ಮಕ್ಕಳಿಗೆ ಈ ಜೀವಿಯಲ್ಲಿ ಆಸಕ್ತಿಯಿದ್ದರೆ ಅದನ್ನು ಚಿವುಟಬೇಕಾಗಿಲ್ಲ. ಘಟ್ಟದ ಬುಡದ ನೆಂಟರ ತೋಟಕ್ಕೆ ಹೋದಾಗ ಸಂಜೆಗತ್ತಲಲ್ಲಿ ಟಾರ್ಚ್ ಹಿಡಿದು, ಮುಟ್ಟದೆ, ಅಗೆಯದೆ, ಧರೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ ತೋರಿಸಿದರಾಯಿತು. ಅದಕ್ಕೆ ಖರ್ಚಿಲ್ಲ, ಪರವಾನಿಗೆ ಬೇಡ, ಮತ್ತು ಮುಂದಿನ ವರ್ಷ ಹೋದಾಗಲೂ ಆ ಜೇಡ ಅದೇ ಬಿಲದಲ್ಲಿ ಇರುವ ಸಾಧ್ಯತೆ ಇರುತ್ತದೆ. ಬಂಡವಾಳವನ್ನು ಮುಟ್ಟದೆ ಅದರ ಫಲವನ್ನು ಅನುಭವಿಸುವುದೆಂದರೆ ಇದೇ.